ನಾಲ್ಕು ಕೆಟ್ಟ ರೀಲುಗಳು

ವಿಲ್ಮರ್ ಶ್ರಾಗ್‌ನನ್ನು ಮನೆಗೆ ಕರೆಸುವ ಹೆಂಗಸರಿಗೆಲ್ಲ ಒಂದು ನಿಯಮ ಗೊತ್ತಿದೆ. ಅವನು ಬರುವ ಮೊದಲು ಕೌದಿ ಮಷೀನಿನಲ್ಲಿ ದಾರದ ಬಿಗಿ ಹೆಚ್ಚುಕಡಿಮೆ ಮಾಡುವ ಟೆನ್ಷನ್ ತಿರುಪನ್ನು ಮುಟ್ಟಬಾರದು; ಮುಟ್ಟಿದ್ದರೆ ಮುಟ್ಟಿಲ್ಲವೆಂದು ಹೇಳಬಾರದು. ಹೇಳಿದರೆ ಅವನೇನೂ ಬೈಯುವುದಿಲ್ಲ. ಕನ್ನಡಕವನ್ನು ಹಣೆಗೆ ಏರಿಸಿ, ತಲೆ ಒಂದು ಕಡೆ ವಾಲಿಸಿ ನೋಡುತ್ತ ನಿಲ್ಲುತ್ತಾನೆ. ಅಷ್ಟು ಸಾಕು. ಚರ್ಚಿನ ಅಡುಗೆಮನೆಯಲ್ಲಿ ಐವತ್ತು ಜನರನ್ನು ಗದರಿಸಿ ಕೆಲಸ ತೆಗೆಯುವ ಗಟ್ಟಿಗಿತ್ತಿಯರೂ ಬಾಯಿ ಬಿಡುತ್ತಾರೆ.

"ಒಂಚೂರು ತಿರುಗ್ಸಿದ್ದೆ ಕಣ್ರೀ."

"ಒಂಚೂರು ಅಂದ್ರೆ?"

"ಒಂದ್ ಮೂರ್ ಸುತ್ತು."

"ಎಡಕ್ಕೋ, ಬಲಕ್ಕೋ?"

"ಮೊದ್ಲು ಬಲಕ್ಕೆ. ಆಮೇಲೆ ಎಡಕ್ಕೆ. ಆಮೇಲೆ ಸಿಟ್ಟು ಬಂತು, ಯಾವ ಕಡೆ ಅಂತ ನೋಡ್ಲಿಲ್ಲ."

ಕಾನ್ಸಾಸಿನ ನಮ್ಮ ಗ್ರೂನ್‌ತಾಲ್ ಸುತ್ತಮುತ್ತ ಉದ್ದತೋಳಿನ ಕೌದಿ ಮಷೀನು ಇಟ್ಟುಕೊಂಡ ಮನೆಗಳು ಎಪ್ಪತ್ತಕ್ಕೂ ಹೆಚ್ಚಿವೆ. ಮಾಮೂಲಿ ಹೊಲಿಗೆ ಮಷೀನಿನಲ್ಲಿ ಮಷೀನು ನಿಂತಿರುತ್ತದೆ, ಬಟ್ಟೆ ಓಡುತ್ತದೆ. ಇದರಲ್ಲಿ ಉಲ್ಟಾ. ಹನ್ನೆರಡು ಅಡಿ ಉದ್ದದ ಚೌಕಟ್ಟಿಗೆ ಕೌದಿಯನ್ನು ಬಿಗಿದು, ಎರಡು ಹಿಡಿಕೆ ಹಿಡಿದು, ಮಷೀನನ್ನೇ ಅದರ ಮೇಲೆ ಓಡಾಡಿಸಬೇಕು. ದಾರದ ರೀಲು ಹಿಂದುಗಡೆ ನೆಟ್ಟಗಿನ ಕಡ್ಡಿಯೊಂದರ ಮೇಲೆ ಕೂತಿರುತ್ತದೆ. ಅಲ್ಲಿಂದ ದಾರ ಮೇಲೇರಿ, ತಂತಿಯ ಬಳೆಯೊಂದರಲ್ಲಿ ತೂರಿ, ಮೂರು ತೂತು, ದಾರವನ್ನು ಅದುಮಿ ಹಿಡಿಯುವ ಎರಡು ಬಿಲ್ಲೆ, ಒಂದು ಸ್ಪ್ರಿಂಗು, ಒಂದು ಕೊಕ್ಕೆ ದಾಟಿ ಸೂಜಿಗೆ ಇಳಿಯುತ್ತದೆ. ಇಷ್ಟು ದೂರದ ದಾರಿಯಲ್ಲಿ ಎಲ್ಲಿ ಬೇಕಾದರೂ ರಗಳೆ ಆಗಬಹುದು, ಆಗುತ್ತದೆ ಕೂಡ. ಆದರೆ ಬೈಸಿಕೊಳ್ಳುವುದು ಮಾತ್ರ ಟೆನ್ಷನ್ ತಿರುಪು, ಯಾಕೆಂದರೆ ಕೈಗೆ ಸಿಗುವುದು ಅದೊಂದೇ.

ಈ ಕೆಲಸಕ್ಕೆ ವಿಲ್ಮರ್ ಬಂದದ್ದೇ ಒಂದು ತಮಾಷೆ. ನಲವತ್ತೊಂದು ವರ್ಷ ಅವನು ಊರಿನ ರೈತ ಸಹಕಾರ ಸಂಘದ ಶೆಡ್ಡಿನಲ್ಲಿ ಗೋಧಿ ಕೊಯ್ಯುವ ಯಂತ್ರ, ಹುಲ್ಲು ಕಟ್ಟುವ ಯಂತ್ರಗಳ ಹೊಟ್ಟೆಯೊಳಗೆ ತಲೆ ತೂರಿಸಿ ಬದುಕಿದವನು. ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲಿ ಕೂತ. ಕೂತ ವಾರಕ್ಕೇ ಹೆಂಡತಿ ಲುಯೆಲ್ಲಾಳ ಹೊಸ ಮಷೀನು ದಾರ ಕಡಿಯಲು ಶುರುಮಾಡಿತು. ಅವಳು ಫೋನಿನಲ್ಲಿ ಯಾರೋ ಹೇಳಿದಂತೆ ಎರಡು ಗಂಟೆ ತಿರುಪು ತಿರುಗಿಸಿ ಅಳುವ ಹಂತಕ್ಕೆ ಬಂದಿದ್ದಳು. ವಿಲ್ಮರ್ ಕಾಫಿ ಲೋಟ ಹಿಡಿದು ಬಂದು, ಮಷೀನನ್ನು ನೋಡದೆ, ರೀಲನ್ನೂ ಅದರ ಮೇಲಿನ ಬಳೆಯನ್ನೂ ಹತ್ತು ನಿಮಿಷ ನೋಡಿದ. ಆಮೇಲೆ ಹೋಗಿ ಚಾವಣಿಯ ಫ್ಯಾನು ಆರಿಸಿದ. ಗಾಳಿಗೆ ಸಡಿಲ ದಾರ ಹಾರಿ ಬಳೆಗೆ ಸುತ್ತಿಕೊಳ್ಳುತ್ತಿತ್ತು, ಅಷ್ಟೇ.

"ನಿಂಗೆ ಹೇಗೆ ಗೊತ್ತಾಯ್ತು?" ಎಂದು ಲುಯೆಲ್ಲಾ ಕೇಳಿದ್ದಕ್ಕೆ ಅವನು, "ಇದೂ ಹುಲ್ಲು ಕಟ್ಟೋ ಯಂತ್ರಾನೇ ಕಣೇ, ಸ್ವಲ್ಪ ಸಣ್ಣದು" ಎಂದ. ಹುಲ್ಲು ಕಟ್ಟುವ ಯಂತ್ರದಲ್ಲೂ ಹುರಿಯ ಉಂಡೆಗಳಿರುತ್ತವೆ. ಉಂಡೆಯ ಕಾಗದದ ಮೇಲೆ ಬಾಣದ ಗುರುತು ಹಾಕಿ 'ಈ ಕಡೆ ಮೇಲೆ' ಎಂದು ದಪ್ಪಗೆ ಅಚ್ಚು ಹಾಕಿರುತ್ತಾರೆ. ಅದನ್ನು ಓದದೆ ತಲೆಕೆಳಗಾಗಿ ಇಟ್ಟು, ಹುರಿ ಗಂಟುಗಂಟಾಗಿ ಬಂದಾಗ ಯಂತ್ರಕ್ಕೆ ಒದೆಯುವ ರೈತರನ್ನು ವಿಲ್ಮರ್ ಲೆಕ್ಕವಿಲ್ಲದಷ್ಟು ನೋಡಿದ್ದ. ಲುಯೆಲ್ಲಾ ಭಾನುವಾರ ಚರ್ಚಿನಲ್ಲಿ ಮೂವರಿಗೆ ಹೇಳಿದಳು. ಅಲ್ಲಿಗೆ ಅವನ ವಿಶ್ರಾಂತ ಜೀವನ ಮುಗಿಯಿತು.

ಹದಿನಾಲ್ಕು ವರ್ಷದಿಂದ ಅವನು ತನ್ನ ಹಳೆಯ ಪಿಕಪ್ಪಿನಲ್ಲಿ ಮನೆಮನೆ ತಿರುಗುತ್ತಿದ್ದಾನೆ. ಉಪಕಾರ ಮಾಡುವ ದೊಡ್ಡ ಮನಸ್ಸು ಅಂತ ಜನ ಹೇಳುತ್ತಾರೆ. ಅದು ಅರ್ಧ ನಿಜ. ಇನ್ನರ್ಧ, ಯಾವುದಾದರೂ ಒಂದು ಯಾಕೆ ಹೀಗೆ ಅಂತ ಗೊತ್ತಾಗದಿದ್ದರೆ ಅವನಿಗೆ ಅನ್ನ ನೀರು ಸೇರುವುದಿಲ್ಲ. ಒಮ್ಮೆ ಪಾದ್ರಿಯ ಪ್ರಸಂಗದ ನಡುವೆಯೇ ಎದ್ದು ಹೋಗಿ ಚರ್ಚಿನ ಕಿಟಕಿ ಯಾಕೆ ಗುಂಯ್‌ಗುಡುತ್ತದೆಂದು ಹೊರಗಿನಿಂದ ಪರೀಕ್ಷಿಸಿದ್ದಾನೆ. ಪಾದ್ರಿಗೆ ಅದರ ಬೇಸರ ಇನ್ನೂ ಹೋಗಿಲ್ಲ.

ಈ ಏಪ್ರಿಲ್‌ನಲ್ಲಿ, ಒಂದು ಬುಧವಾರ ಬೆಳಿಗ್ಗೆ, ಅವನು ಜೊಲೀನ್ ವೆಡೆಲ್ಲಳ ಮನೆಗೆ ಹೋದ. ಜೊಲೀನ್‌ಗೆ ಐವತ್ತಾರು. ಗಂಡ ಕರ್ಟ್ ಹೊಲದಲ್ಲಿ, ಇವಳು ಮುಂದಿನ ಕೋಣೆಯ ಮಷೀನಿನಲ್ಲಿ. ಮಷೀನಿಲ್ಲದ ಊರವರ ಕೌದಿಗಳನ್ನೆಲ್ಲ ಹೊಲಿದುಕೊಡುವುದು ಅವಳೇ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಆದರೆ ಅವತ್ತು ಬಾಗಿಲು ತೆಗೆದವಳ ಮುಖ ಬಾಡಿತ್ತು.

"ತಿರುಪು ಮುಟ್ಟಿಲ್ಲ," ಎಂದಳು ಅವನು ಕೇಳುವ ಮೊದಲೇ. "ಆಣೆ ಮಾಡೋ ಹಾಗಿದ್ರೆ ಮಾಡ್ತಿದ್ದೆ. ನಾವು ಮೆನೊನೈಟರು, ಆಣೆ ಮಾಡೋ ಜನ ಅಲ್ವಲ್ಲ, ಏನ್ಮಾಡ್ಲಿ."

"ನಂಬಿದೀನಿ ಬಿಡು. ಕೌದಿ ಯಾವ್ದು?"

ಚೌಕಟ್ಟಿನ ಮೇಲೆ ಕಂದು, ಕೆನೆ ಬಣ್ಣದ ನಕ್ಷತ್ರಗಳ ದೊಡ್ಡ ಕೌದಿ ಹರಡಿತ್ತು. ಚೂರುಗಳನ್ನು ಜೋಡಿಸಿದ್ದು ಅವಳ ಅತ್ತೆ ಆಲ್ವಿನಾ. ಫೆಬ್ರವರಿಯಲ್ಲಿ ತೀರಿಕೊಂಡಳು. ಕಪಾಟು ಖಾಲಿ ಮಾಡುವಾಗ ಕೌದಿಯ ಈ ಮೇಲ್ಪದರ ಮಡಿಸಿಟ್ಟದ್ದು ಸಿಕ್ಕಿತು, ಅದರ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ, ಡಬ್ಬಿಯಲ್ಲಿ ಒಂಬತ್ತು ರೀಲು ಕಂದು ದಾರ. ಬರಗಾಲ, ಯುದ್ಧಗಳಲ್ಲಿ ನೊಂದವರಿಗಾಗಿ ನಮ್ಮ ಚರ್ಚುಗಳೆಲ್ಲ ಸೇರಿ ನಡೆಸುವ ಹರಾಜು ಶನಿವಾರ. ಆಲ್ವಿನಾಳ ಕೊನೆಯ ಕೌದಿ ಬರುತ್ತದೆಂದು ಪಟ್ಟಿಯಲ್ಲಿ ಅಚ್ಚಾಗಿಯೂ ಹೋಗಿದೆ. ಶುಕ್ರವಾರ ಮಧ್ಯಾಹ್ನದೊಳಗೆ ಒಪ್ಪಿಸಬೇಕು. ಹೆಚ್ಚುಕಡಿಮೆ ಅರ್ಧ ಇನ್ನೂ ಹೊಲಿಯದೆ ಬಿದ್ದಿದೆ.

"ಐದು ರೀಲು ಬೆಣ್ಣೆ ಹಾಗೆ ಓಡ್ತು. ಆರನೇದು ಹಾಕಿದ್ದೇ ಹಾಕಿದ್ದು, ಗೇಣಿಗೊಂದ್ಸಲ ಕಡೀತಿದೆ. ಏಳನೇದೂ ಹಾಗೇ, ಎಂಟೂ ಹಾಗೇ, ಒಂಬತ್ತೂ ಹಾಗೇ. ಸೂಜಿ ಆರು ಬದಲಾಯ್ಸಿದೆ. ಬೇರೆ ದಾರ ಹಾಕೋಣ ಅಂದ್ರೆ ಈ ಬಣ್ಣ ಈಗ ಎಲ್ಲೂ ಬರಲ್ಲ. ಅರ್ಧ ಕೌದಿ ಒಂದು ಬಣ್ಣ, ಉಳಿದರ್ಧ ಇನ್ನೊಂದು ಬಣ್ಣ ಮಾಡಿ ಆಲ್ವಿನಾ ವೆಡೆಲ್ ಹೆಸರಲ್ಲಿ ಹರಾಜಿಗೆ ಇಡ್ಲಾ?"

"ಇಡ್ಬೇಡ."

"ಅವಳಿಗೆ ಈ ಮಷೀನು ಕಂಡ್ರೆ ಆಗ್ತಿರ್ಲಿಲ್ಲ, ನಿಮ್ಗೆ ಗೊತ್ತಲ್ಲ. ಈಗ ಅವಳ ಕೌದಿ, ಅವಳ ದಾರ. ಓಡಲ್ಲ ಅಂತಿದೆ. ನಾನು ದೆವ್ವ ಭೂತ ನಂಬೋಳಲ್ಲ ವಿಲ್ಮರ್. ಆದ್ರೆ ಅವಳು ನನ್ನ ಮೇಲೆ ಸಿಟ್ಟು ಇಟ್ಕೊಂಡೇ ಹೋದಳು. ಅದು ಮಾತ್ರ ನಂಗೆ ಖಾತ್ರಿ. ಇದು ಹೊಲಿದು ಮುಗೀಲಿಲ್ಲ ಅಂದ್ರೆ ಈ ಮಷೀನನ್ನೂ ಮನೆಯಿಂದ ಆಚೆ ಹಾಕ್ತೀನಿ. ಸಾಕಾಗಿದೆ."

ಆಲ್ವಿನಾ ಮೂವತ್ತು ವರ್ಷ ಚರ್ಚಿನ ಹೊಲಿಗೆ ಕೂಟದ ಯಜಮಾನಿ. ಅವಳ ಕೈಹೊಲಿಗೆ ನೋಡಿದವರು ಮಷೀನಿನದೆಂದು ಹೇಳಿ ಬೈಸಿಕೊಂಡದ್ದುಂಟು. ಕೂಟದ ಮುದುಕಿಯರು ಒಬ್ಬೊಬ್ಬರೇ ಹೋಗಿ ಕೊನೆಗೆ ಮೂವರು ಉಳಿದರು. ಹೋದ ಬೇಸಿಗೆಯಲ್ಲಿ ಚರ್ಚಿನ ನೆಲಮಾಳಿಗೆಯ ಹೊಲಿಗೆ ಚೌಕಟ್ಟನ್ನು ಮಡಿಸಿ ಗೋಡೆಗೆ ಒರಗಿಸಿದರು. ಜೊಲೀನ್ ಮಷೀನು ತಂದದ್ದು ಅದಕ್ಕೂ ಮೂರು ವರ್ಷ ಮೊದಲು. ಆಲ್ವಿನಾ ಬೇಡವೆನ್ನಲಿಲ್ಲ. ಮಷೀನು ಶುರುವಾದೊಡನೆ ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಮ್ಮವರಲ್ಲಿ ಜಗಳ ಹೀಗೇ ನಡೆಯುವುದು, ಸದ್ದಿಲ್ಲದೆ, ವರ್ಷಗಟ್ಟಲೆ.

ವಿಲ್ಮರ್ ಕನ್ನಡಕ ಇಳಿಸಿಕೊಂಡು ಕೆಲಸಕ್ಕೆ ಇಳಿದ. ಉಗುರಿನ ತುದಿಯಿಂದ ದಾರದ ದಾರಿಯನ್ನು ರೀಲಿನಿಂದ ಸೂಜಿಯವರೆಗೆ ತಡವುತ್ತ ಹೋದ. ಮೇಲಿನ ಬಳೆ ರೀಲಿನ ನೆತ್ತಿಗೆ ಸರಿಯಾಗಿರದೆ ಒಂದು ಬೆರಳಷ್ಟು ಆಚೆಗಿತ್ತು, ನೇರ ಮಾಡಿದ. ಓಡಿಸಿದರು. ಕಡಿಯಿತು. ದಾರ ಹಾರದಿರಲೆಂದು ನೆಲದಲ್ಲಿದ್ದ ಬಿಸಿಗಾಳಿಯ ಕಿಂಡಿಗೆ ರಟ್ಟು ಮುಚ್ಚಿದ. ಕಡಿಯಿತು. ಬಿಲ್ಲೆಗಳ ನಡುವೆ ಬಟ್ಟೆಯ ಪಟ್ಟಿ ಎಳೆದು ದಾರದ ಧೂಳು ತೆಗೆದ. ತೂತುಗಳ ಅಂಚಿನಲ್ಲಿ ಮುಳ್ಳು ಎದ್ದಿದೆಯೇನೋ ಎಂದು ತನ್ನ ಹೆಂಡತಿಯ ಹಳೆಯ ಕಾಲುಚೀಲದ ತುಂಡು ತೂರಿಸಿ ನೋಡಿದ. ಒಂದು ನೂಲೂ ಸಿಕ್ಕಿಕೊಳ್ಳಲಿಲ್ಲ. ಮತ್ತೆ ಓಡಿಸಿದರು. ಎರಡು ಅಡಿ ಹೋಗಿ, ಇಷ್ಟು ಹೊತ್ತು ಕಾದಿದ್ದೇ ಹೆಚ್ಚು ಅನ್ನುವ ಹಾಗೆ ಕಡಿಯಿತು.

"ನೋಡಿದ್ರಾ?" ಎಂದಳು ಜೊಲೀನ್.

ಅವನು ತನ್ನ ಪೆಟ್ಟಿಗೆಯಿಂದ ಬಿಳಿ ದಾರದ ದೊಡ್ಡ ರೀಲು ತೆಗೆದು ಹಾಕಿದ. ಒಂದು ಹಳೆಯ ಬಟ್ಟೆಯ ಮೇಲೆ ಮಷೀನು ಈ ಕಡೆ, ಆ ಕಡೆ, ಸುತ್ತು, ಸೊನ್ನೆ, ಬೇಕಾದ ಹಾಗೆ ಓಡಿತು.

"ಹಾಗಾದ್ರೆ ಮಷೀನು ಸರಿಯಾಗಿದೆ. ದಾರ ಹಳೇದು, ಕೊಳೆತುಹೋಗಿದೆ," ಎಂದಳು ಅವಳು.

ವಿಲ್ಮರ್ ಕೆಟ್ಟ ರೀಲಿನ ದಾರವನ್ನು ಎರಡೂ ಕೈಗೆ ಸುತ್ತಿಕೊಂಡು ಜಗ್ಗಿದ. ದಾರ ಕಡಿಯಲಿಲ್ಲ, ಅವನ ಬೆರಳು ಕೊಯ್ದುಕೊಂಡಿತು. ಅವನು ಬೆರಳು ಬಾಯಿಗಿಟ್ಟುಕೊಂಡು ನಕ್ಕ. ಮಷೀನು ಸರಿ, ದಾರವೂ ಸರಿ, ಎರಡೂ ಸೇರಿದರೆ ಸರಿಯಿಲ್ಲ. ಇಂಥದ್ದು ಸಿಕ್ಕರೆ ಅವನಿಗೆ ಹಬ್ಬ.

"ನಗ್ತೀರಲ್ರೀ! ನಂಗಿಲ್ಲಿ ಪ್ರಾಣ ಹೋಗ್ತಿದೆ."

"ಕಾಫಿ ಇದ್ಯಾ?"

ಕಾಫಿ ಬಂತು, ಜೊತೆಗೆ ಒಂದರ ಮೇಲೊಂದು ಕೂರಿಸಿದ ಜೋಡಿ ಬನ್ನು, ಮಲ್ಬೆರಿ ಜ್ಯಾಮು. ವಿಲ್ಮರ್ ಬನ್ನಿನ ಮೇಲಿನ ತಲೆಯನ್ನು ಕಿತ್ತು ಬಾಯಿಗೆ ಹಾಕಿಕೊಂಡು, ಕಡಿದ ದಾರದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದ. ತುದಿ ಕತ್ತರಿಸಿದಂತಿರಲಿಲ್ಲ, ಜಗ್ಗಿ ಹರಿದಂತೆಯೂ ಇರಲಿಲ್ಲ. ಮೂರು ಎಳೆಗಳೂ ಬಿಡಿಬಿಡಿಯಾಗಿ, ಕೆದರಿದ ಕೂದಲಿನ ಹಾಗೆ ಹರಡಿದ್ದವು.

"ಇದು ಕಡಿದದ್ದಲ್ಲ ಜೊಲೀನ್, ಬಿಚ್ಚಿಕೊಂಡದ್ದು. ಓಡಿದ ರೀಲು ಒಂದಾದ್ರೂ ಉಳಿದಿದ್ಯಾ?"

ಐದನೆಯ ರೀಲಿನಲ್ಲಿ ಒಂದಿಷ್ಟು ಉಳಿದಿತ್ತು. ಅವನು ಒಳ್ಳೆಯದನ್ನೂ ಕೆಟ್ಟದನ್ನೂ ಅಕ್ಕಪಕ್ಕ ಇಟ್ಟ. ಎರಡೂ ಒಂದೇ ತರಹದ ಸಣ್ಣ ರಟ್ಟಿನ ಕೊಳವೆ, ಒಂದೇ ದಾರ; ಬುಡಕ್ಕೆ ಅಗಲವಾದ ಅಂಚು, ತಲೆಕೆಳಗಾಗಿ ನಿಲ್ಲಿಸಿದರೆ ದಾರ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಒಳ್ಳೆಯದರಲ್ಲಿ ದಾರ ಸಾಲು ಸಾಲಾಗಿ ಕೂತಿತ್ತು. ಕೆಟ್ಟದರಲ್ಲಿ ಅಲ್ಲಲ್ಲಿ ಉಬ್ಬು, ಅಲ್ಲಲ್ಲಿ ತಗ್ಗು. ಅವನು ಒಂದೊಂದರಿಂದಲೂ ಮಾರುದ್ದ ದಾರವನ್ನು ರೀಲಿನ ತಲೆಯ ಮೇಲಿಂದ ಎಳೆದು, ತುದಿಗೊಂದು ಪಿನ್ನು ಕಟ್ಟಿ ಇಳಿಬಿಟ್ಟ. ಒಳ್ಳೆಯ ರೀಲಿನ ಪಿನ್ನು ಒಂದು ಕಡೆಗೆ ಗಿರಗಿರನೆ ತಿರುಗಿ ನಿಂತಿತು. ಕೆಟ್ಟ ರೀಲಿನ ಪಿನ್ನು ತಿರುಗಿತು, ಆದರೆ ಇನ್ನೊಂದು ಕಡೆಗೆ.

ವಿಲ್ಮರ್ ಬನ್ನು ತಿನ್ನುವುದನ್ನು ನಿಲ್ಲಿಸಿದ. ಎರಡೂ ರೀಲನ್ನು ಮೇಲಿನಿಂದ ನೋಡಿದ. ಆಮೇಲೆ ಉಳಿದ ಮೂರು ಕೆಟ್ಟ ರೀಲುಗಳನ್ನೂ ನೋಡಿದ.

"ಇಲ್ಲಿ ನೋಡು. ಇದು ಗಡಿಯಾರದ ಮುಳ್ಳು ತಿರುಗೋ ಹಾಗೆ ಸುತ್ತಿದೆ. ಈ ನಾಲ್ಕೂ ಉಲ್ಟಾ ಸುತ್ತಿವೆ. ನೀನು ರೀಲನ್ನ ಕಡ್ಡಿಗೆ ನಿಲ್ಲಿಸ್ತೀಯ, ದಾರ ತಲೆ ಮೇಲಿಂದ ಬರುತ್ತೆ. ಹಾಗೆ ಬಂದ್ರೆ ಒಂದು ಸುತ್ತಿಗೆ ಒಂದು ಹುರಿ ಸೇರುತ್ತೆ, ಇಲ್ಲಾ ಒಂದು ಹುರಿ ಬಿಚ್ಚುತ್ತೆ. ಮೊದಲ ಐದು ರೀಲಲ್ಲಿ ಹುರಿ ಬಿಗಿಯಾಯ್ತು, ದಾರ ತಡ್ಕೊಂಡಿತು. ಇವುಗಳಲ್ಲಿ ಬಿಚ್ಚುತ್ತೆ. ಬಿಚ್ಚಿದ್ದೆಲ್ಲ ಬಿಲ್ಲೆ ಹಿಂದೆ ಬಂದು ಸೇರಿ ಸೇರಿ, ಎಳೆ ಕಿತ್ಕೊಂಡು ಬರ್ತಿದೆ."

"ಕೂಟದಲ್ಲಿ ಇಷ್ಟು ವರ್ಷ ಇಂಥ ರೀಲಿನಲ್ಲೇ ಹೊಲಿದರಲ್ಲ?"

"ಕೈಲಿ ಹೊಲಿಯೋವ್ರು ಮೊಳ ಮೊಳ ಕತ್ತರಿಸ್ಕೊಳ್ತಾರೆ. ಹೆಂಗೆ ಸುತ್ತಿದ್ರೂ ನಡೆಯುತ್ತೆ. ಇದು ಕೈಹೊಲಿಗೆ ರೀಲು ಕಣಮ್ಮ, ನೀನು ತಗೊಂಡ್ಹೋಗಿ ಮಷೀನಿಗೆ ಇಟ್ಟಿದೀಯ."

ಇಂಥ ತಪ್ಪು ನಮ್ಮ ಊರಿನಲ್ಲಿ ಮಾತ್ರ ಆಗಲು ಸಾಧ್ಯ. ಬೇರೆ ಊರಿನವರು ಅಂಗಡಿಗೆ ಹೋಗಿ ಮಷೀನಿನ ದಾರ ತರುತ್ತಾರೆ. ನಮ್ಮವರು ಯಾವುದೋ ಮುಚ್ಚಿಹೋದ ಕಾರ್ಖಾನೆಯ ದಾರವನ್ನು ನೆಲಮಾಳಿಗೆಯಲ್ಲಿ ಕೂಡಿಟ್ಟು, ಕೌದಿಗೊಮ್ಮೆ ಸಣ್ಣ ರೀಲಿಗೆ ಸುತ್ತಿಕೊಂಡು ನಲವತ್ತು ವರ್ಷ ತಳ್ಳುತ್ತಾರೆ. ಎಸೆಯುವುದು ನಮಗೆ ಗೊತ್ತೇ ಇಲ್ಲ.

ಇಲ್ಲಿಗೆ ಬೇರೆಯವರಾಗಿದ್ದರೆ ಸುಮ್ಮನಾಗುತ್ತಿದ್ದರು. ಕಾರಣ ಸಿಕ್ಕಿತು, ಉಪಾಯವೂ ಇದೆ. ಆದರೆ ವಿಲ್ಮರ್‌ಗೆ ಅರ್ಧ ಸಿಕ್ಕ ಕಾರಣ ಕಾರಣವೇ ಅಲ್ಲ.

"ಈ ನಾಲ್ಕನ್ನ ಸುತ್ತಿದ್ಯಾರು?"

"ಅತ್ತೇನೇ. ಇನ್ಯಾರು."

"ಕೂಟದಲ್ಲಿ ಎಡಗೈಯವ್ರು ಯಾರಾದ್ರೂ ಇದ್ರಾ?"

"ಯಾರೂ ಇಲ್ಲ. ಆ ಡಬ್ಬೀನ ಅವಳು ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ. ಸುತ್ತೋ ಯಂತ್ರ ಅವಳ ಕೋಣೇಲೇ ಇದೆ, ಬೇಕಾದ್ರೆ ನೋಡಿ."

ಆಲ್ವಿನಾಳ ಕೋಣೆ ಅವಳು ಬಿಟ್ಟುಹೋದ ಹಾಗೇ ಇತ್ತು. ಕಿಟಕಿಯ ಹತ್ತಿರ ಒಂದು ಮೇಜು. ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿದ ಹಳೆಯ ಕೈ ಬೈರಿಗೆ. ಅದರ ಮೂತಿಗೆ ರೀಲು ಸಿಕ್ಕಿಸಿ ಹಿಡಿಕೆ ತಿರುಗಿಸಿದರೆ ದಾರ ಸುತ್ತಿಕೊಳ್ಳುತ್ತದೆ. ಕುರ್ಚಿ ಮೇಜಿನ ಈಚೆ, ಬಾಗಿಲಿಗೆ ಬೆನ್ನು ಹಾಕಿ ಇತ್ತು. ಜೊಲೀನ್ ಆ ಕುರ್ಚಿಯನ್ನು ನೋಡಿದ ರೀತಿಯಲ್ಲೇ ಅವಳಿಗೆ ಅದರ ಮೇಲೆ ಕೋಪವಿದೆಯೆಂದು ವಿಲ್ಮರ್‌ಗೆ ಗೊತ್ತಾಯಿತು.

"ನಾನು ಹೇಳಿದ್ನಲ್ಲ, ಸಿಟ್ಟು ಇಟ್ಕೊಂಡೇ ಹೋದಳು ಅಂತ. ಇದಕ್ಕೇ ಹೇಳಿದ್ದು. ಎಷ್ಟೋ ವರ್ಷ ಈ ಕುರ್ಚಿ ಮೇಜಿನ ಆ ಕಡೆ, ಕಿಟಕಿ ಹತ್ರ ಇತ್ತು, ಬಾಗಿಲ ಕಡೆ ಮುಖ. ನಾನು ಹೋಗ್ತಾ ಬರ್ತಾ ಮುಖನಾದ್ರೂ ಕಾಣ್ತಿತ್ತು. ಅಕ್ಟೋಬರ್‌ನಲ್ಲಿ ಲಕ್ವಾ ಹೊಡೀತಲ್ಲ, ಆಸ್ಪತ್ರೆಯಿಂದ ಬಂದು ಹದಿನೈದು ದಿನ ಆಗಿರ್ಲಿಲ್ಲ, ಕರ್ಟ್‌ಗೆ ಸನ್ನೆ ಮಾಡಿ ಕುರ್ಚೀನ ಈ ಕಡೆ ಹಾಕಿಸ್ಕೊಂಡಳು. ಮೂರೂವರೆ ತಿಂಗಳು ನಂಗೆ ಬೆನ್ನು ತೋರಿಸ್ಕೊಂಡೇ ಕೂತಿದ್ಲು. ಊಟ ತಿನ್ಸಿದ್ದು ನಾನು, ಸ್ನಾನ ಮಾಡ್ಸಿದ್ದು ನಾನು. ಮಷೀನ್ ಶುರು ಮಾಡಿದ್ರೆ ಕೋಲು ಊರ್ಕೊಂಡು ಇಲ್ಲಿಗೆ ಬಂದು, ಬಾಗಿಲು ತಳ್ಳಿ, ಬೆನ್ನು."

"ಯಾವ ಕಡೆಗೆ ಹೊಡೆದಿತ್ತು?"

"ಏನು?"

"ಲಕ್ವಾ."

"ಬಲಕ್ಕೆ. ಬಲಗೈ ಪೂರ್ತಿ ಹೋಯ್ತು. ಮಾತೂ ಹೋಯ್ತು."

ವಿಲ್ಮರ್ ಮೊದಲು ಮೇಜಿನ ಆಚೆ, ಕಿಟಕಿಯ ಕಡೆ ನಿಂತು ಬಲಗೈಯಿಂದ ಹಿಡಿಕೆಯನ್ನು ಮುಂದಕ್ಕೆ ತಿರುಗಿಸಿದ. ಬೈರಿಗೆಯ ಮೂತಿ ಗಡಿಯಾರದ ಮುಳ್ಳಿನ ಹಾಗೆ ತಿರುಗಿತು. ಅಲ್ಲಿಂದ ಎಡಗೈ ಚಾಚಿ ನೋಡಿದ. ಬೈರಿಗೆಯ ಮೈ ಅಡ್ಡ ಬಂತು, ಹಿಡಿಕೆ ಸಿಗಲಿಲ್ಲ. ಆಮೇಲೆ ಮೇಜನ್ನು ಬಳಸಿ ಬಂದು, ಬಾಗಿಲ ಕಡೆಯ ಕುರ್ಚಿಯಲ್ಲಿ ಕೂತ. ಹಿಡಿಕೆ ತಾನಾಗಿ ಎಡಗೈಗೆ ಬಂತು. ಮುಂದಕ್ಕೆ ತಿರುಗಿಸಿದ. ಮೂತಿ ಉಲ್ಟಾ ತಿರುಗಿತು.

ಅವನು ಕುರ್ಚಿಯಿಂದ ಏಳಲಿಲ್ಲ. ಹೇಳಬೇಕೋ ಬೇಡವೋ ಎಂದು ಒಂದು ಗಳಿಗೆ ಅನ್ನಿಸಿತು. ಯಂತ್ರಗಳ ವಿಷಯ ಹೇಳಿ ಅಭ್ಯಾಸ, ಮನುಷ್ಯರ ವಿಷಯ ಲುಯೆಲ್ಲಾಗೆ ಬಿಟ್ಟಿದ್ದು. ಆದರೆ ತಿಳಿದದ್ದನ್ನು ನುಂಗಿಕೊಂಡು ಮನೆಗೆ ಹೋಗುವುದು ಅವನ ಕೈಲಾಗದ ಕೆಲಸ.

"ಜೊಲೀನ್, ಅವಳು ನಿಂಗೆ ಬೆನ್ನು ಹಾಕಿದ್ದಲ್ಲಮ್ಮ. ಈ ಕಡೆ ಕೂತ್ರೆ ಮಾತ್ರ ಎಡಗೈಗೆ ಹಿಡಿಕೆ ಸಿಗುತ್ತೆ."

ಅವಳು ಹುಬ್ಬು ಗಂಟಿಕ್ಕಿದಳು. "ಅಕ್ಟೋಬರ್ ಆದ್ಮೇಲೆ ಅವಳು ಏನೂ ಮಾಡ್ಲಿಲ್ಲ ವಿಲ್ಮರ್. ಚಮಚ ಹಿಡಿಯೋಕೂ ಕಷ್ಟ ಪಡ್ತಿದ್ಲು."

"ನಾಲ್ಕು ರೀಲು ಸುತ್ತಿದಾಳೆ. ಬಲಗೈಯಲ್ಲಿ ಐದು ಸುತ್ತಿಟ್ಟಿದ್ಲು, ಕೈ ಹೋದ್ಮೇಲೆ ಎಡಗೈಯಲ್ಲಿ ನಾಲ್ಕು."

"ನಂಗೆ ಕೇಳಿಸ್ತಿರ್ಲಿಲ್ವಾ?"

"ನಿನ್ನ ಮಷೀನು ಓಡ್ತಿತ್ತಲ್ಲ."

ಹೊರಗೆ ಎಂದಿನ ಗಾಳಿ ತಗಡಿನ ಕೊಟ್ಟಿಗೆಯನ್ನು ಬಡಿಯುತ್ತಿತ್ತು. ಕೊನೆಗೆ ಜೊಲೀನ್ ಕೇಳಿದ ಪ್ರಶ್ನೆ ವಿಲ್ಮರ್ ಕೂಡ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯೇ.

"ಯಾರಿಗೋಸ್ಕರ ಸುತ್ತಿದ್ಲು? ಕೂಟ ಮುಚ್ಚಿತ್ತು. ಅವಳಿಗಂತೂ ಇನ್ನು ಹೊಲಿಯೋಕೆ ಆಗ್ತಿರ್ಲಿಲ್ಲ."

"ಕೈಹೊಲಿಗೆಗೆ ಇಷ್ಟು ದಾರ ಬೇಕಾ?"

"ಮೂರು ರೀಲು ಸಾಕು. ಹೆಚ್ಚಂದ್ರೆ ನಾಲ್ಕು."

"ಮಷೀನಿಗೆ?"

ಅವಳು ಲೆಕ್ಕ ಹಾಕಬೇಕಾಗಿರಲಿಲ್ಲ. ಮೇಲೊಂದು ದಾರ, ಕೆಳಗೆ ಬಾಬಿನ್ನಿಗೊಂದು ದಾರ, ಈ ಅಳತೆಯ ಕೌದಿಗೆ ಎಷ್ಟು ತಿನ್ನುತ್ತದೆಂದು ಗ್ರೂನ್‌ತಾಲಿನಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. "ಒಂಬತ್ತು," ಎಂದಳು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು, "ನನ್ನ ಕೇಳಿದ್ದಳು ಒಂದ್ಸಲ. ಬೇಸಿಗೇಲಿ. ದೊಡ್ಡ ಹಾಸಿಗೆ ಕೌದಿಗೆ ನಿನ್ನ ಮಷೀನು ಎಷ್ಟು ದಾರ ನುಂಗುತ್ತೆ ಅಂತ. ಕೊಂಕು ಆಡ್ತಿದಾಳೆ ಅಂದ್ಕೊಂಡು, ನಾನೂ ಹಾಗೇ ಮುಖ ತಿರುಗಿಸಿ ಹೇಳಿದ್ದೆ," ಎಂದಳು.

ವಿಲ್ಮರ್ ಎದ್ದ. ಈಗ ಉಪಾಯ ಹೇಳುವುದು ಸುಲಭವಾಗಿತ್ತು. "ಎರಡು ದಾರಿ ಇದೆ. ಈ ನಾಲ್ಕನ್ನೂ ಬಿಚ್ಚಿ ಸರಿ ದಿಕ್ಕಿಗೆ ಸುತ್ತಿಬಿಡೋದು. ಒಂದು ಗಂಟೆ ಕೆಲಸ, ನಾನೇ ಕೂತು ಸುತ್ತಿಕೊಡ್ತೀನಿ. ಇಲ್ಲಾ—"

"ಬಿಚ್ಚೋದು ಬೇಡ."

"ಇಲ್ಲಾ ರೀಲನ್ನ ನಿಲ್ಲಿಸದೆ ಮಲಗಿಸೋದು. ಮಲಗಿದ ರೀಲು ಉರುಳ್ತಾ ಬಿಚ್ಚಿಕೊಳ್ಳುತ್ತೆ. ಆಗ ಹುರಿ ಕೂಡೋದೂ ಇಲ್ಲ, ಕಳೆಯೋದೂ ಇಲ್ಲ. ಎಡಗೈಯಲ್ಲಿ ಸುತ್ತಿದ್ರೂ ಒಂದೇ, ಬಲಗೈಯಲ್ಲಿ ಸುತ್ತಿದ್ರೂ ಒಂದೇ."

"ಮಲಗಿಸಿ. ಅವಳು ಸುತ್ತಿದ ಹಾಗೇ ಇರ್ಲಿ."

ಅವನು ಪಿಕಪ್ಪಿನಿಂದ ಹುಲ್ಲುಕಟ್ಟಿನ ದಪ್ಪ ತಂತಿ ತಂದು, ಇಕ್ಕಳದಿಂದ ಬಗ್ಗಿಸಿ, ನಿಂತ ಕಡ್ಡಿಯ ಪಕ್ಕಕ್ಕೆ ಅಡ್ಡಲಾಗಿ ಒಂದು ಕಡ್ಡಿ ಮಾಡಿದ. ರೀಲು ತಡೆಯಿಲ್ಲದೆ ಓಡಿ ಸಡಿಲವಾಗದಿರಲೆಂದು ಎರಡು ಪಕ್ಕಕ್ಕೂ ಕಂಬಳಿಬಟ್ಟೆಯ ಬಿಲ್ಲೆ ಕತ್ತರಿಸಿ ಹಾಕಿದ. ಬಳೆಯನ್ನು ರೀಲಿನ ನಡುವಿಗೆ ನೇರ ತಂದ. ಜೊಲೀನ್ ದಾರ ಪೋಣಿಸಿದಳು. ಹಿಡಿಕೆ ಹಿಡಿದು ಶುರುಮಾಡಿದಳು.

ಮಷೀನು ಒಂದು ಗೇಣು ಹೋಯಿತು. ಒಂದು ಮೊಳ ಹೋಯಿತು. ಒಂದು ನಕ್ಷತ್ರ ದಾಟಿ ಇನ್ನೊಂದಕ್ಕೆ ಹೋಯಿತು. ರೀಲು ಉಬ್ಬುತಗ್ಗಿನ ಮೇಲೆ ಕುಂಟುತ್ತ ಉರುಳುತ್ತಿತ್ತು, ಆದರೆ ದಾರ ನೆಟ್ಟಗೆ ಬರುತ್ತಿತ್ತು. ಕೌದಿಯ ಅಗಲ ಮುಗಿಯುವವರೆಗೂ ಒಮ್ಮೆಯೂ ಕಡಿಯಲಿಲ್ಲ. ಸಾಲು ಮುಗಿದ ಮೇಲೆ ಅವಳು ಹಿಡಿಕೆ ಬಿಟ್ಟು, "ನಾಳೆ ಸಂಜೆಗೆ ಮುಗಿಯುತ್ತೆ," ಎಂದಳು. ಅವನಿಗೂ ಹಾಗೇ ಅನ್ನಿಸಿತು. ಸಾಮಾನು ತುಂಬಿಕೊಳ್ಳತೊಡಗಿದ.

ತುಂಬಿಕೊಂಡು ಹೊರಡಬೇಕಾದವನು ಪೆಟ್ಟಿಗೆ ಹಿಡಿದು ನಿಂತೇ ಇದ್ದ. ಕಣ್ಣು ಆ ಕುಂಟುವ ರೀಲಿನ ಮೇಲೇ ಇತ್ತು.

"ಇನ್ನೇನ್ರೀ?"

"ಸುತ್ತುವಾಗ ಒಂದು ಕೈ ಹಿಡಿಕೆಗೆ. ದಾರ ಒಂದೇ ಕಡೆ ಗುಡ್ಡೆ ಬೀಳ್ದೆ ಇರೋಕೆ ಇನ್ನೊಂದು ಕೈಯಲ್ಲಿ ಆಚೆ ಈಚೆ ಆಡಿಸ್ಬೇಕು. ಅವಳಿಗೆ ಇದ್ದಿದ್ದು ಒಂದೇ ಕೈ. ಉಬ್ಬುತಗ್ಗು ಇದೆ ನಿಜ, ಆದ್ರೆ ಗುಡ್ಡೆ ಬಿದ್ದಿಲ್ಲ. ಏನೋ ಒಂದರಿಂದ ಆಡಿಸಿದಾಳೆ. ಯಾವ್ದರಿಂದ ಅಂತ..."

ಜೊಲೀನ್ ಮಷೀನು ಆರಿಸಿದಳು. ಒಂದು ಖಾಲಿ ರೀಲನ್ನೂ ಅವನ ಬಿಳಿ ದಾರವನ್ನೂ ತೆಗೆದುಕೊಂಡು ಆಲ್ವಿನಾಳ ಕೋಣೆಗೆ ನಡೆದಳು. ಬಾಗಿಲಿಗೆ ಬೆನ್ನು ಹಾಕಿದ ಕುರ್ಚಿಯಲ್ಲಿ ಕೂತು, ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡಳು, ಎಡಗೈಯಿಂದ ಹಿಡಿಕೆ ತಿರುಗಿಸಿದಳು. ದಾರ ಒಂದೇ ಜಾಗದಲ್ಲಿ ಗುಡ್ಡೆ ಬಿದ್ದು ಜಾರಿತು. ಬಿಚ್ಚಿ ಮತ್ತೆ ಶುರುಮಾಡಿದಳು. ಮೊಣಕೈಯಿಂದ ತಳ್ಳಿ ನೋಡಿದಳು, ಎಟುಕಲಿಲ್ಲ. ಗಲ್ಲದಿಂದ ಒತ್ತಿ ನೋಡಿದಳು, ದಾರ ನುಣುಚಿಕೊಂಡಿತು. ವಿಲ್ಮರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಆಮೇಲೆ ಅವಳು ಬಗ್ಗಿ ದಾರವನ್ನು ಬಾಯಿಗೆ ತೆಗೆದುಕೊಂಡಳು. ಹಲ್ಲಿನ ನಡುವೆ ಸಡಿಲವಾಗಿ ಹಿಡಿದು, ತುಟಿಯ ಮೂಲೆಯಿಂದ ಜಾರಿಬಿಡುತ್ತ, ಹಿಡಿಕೆ ತಿರುಗಿಸುತ್ತ, ತಲೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ, ಎಡಕ್ಕೆ ಆಡಿಸಿದಳು. ದಾರ ರೀಲಿನ ಮೇಲೆ ಹರಡಿ ಕೂತಿತು. ಅಲ್ಲೊಂದು ಉಬ್ಬು, ಇಲ್ಲೊಂದು ತಗ್ಗು. ಆ ನಾಲ್ಕು ರೀಲುಗಳ ಹಾಗೇ.

"ಅದೇ," ಎಂದ ವಿಲ್ಮರ್. ಅವನ ದನಿಯಲ್ಲಿ ಗೆದ್ದ ಖುಷಿ ಇತ್ತು, ಅದಕ್ಕೆ ಅವನಿಗೇ ನಾಚಿಕೆಯಾಯಿತು.

ಅವಳು ನಿಲ್ಲಿಸಲಿಲ್ಲ. ರೀಲು ಕಾಲುಭಾಗ ತುಂಬುವವರೆಗೂ ತಿರುಗಿಸಿದಳು. ನಿಲ್ಲಿಸಿದಾಗ ತೋಳು ಸೋತಿತ್ತು. ದಾರವನ್ನು ಬಾಯಿಯಿಂದ ತೆಗೆದು, ತುಟಿಯ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. ಅಲ್ಲಿ ಕೆಂಪಗೆ ಗೀರು ಎದ್ದಿತ್ತು. ಅದನ್ನು ಮುಟ್ಟುತ್ತಿದ್ದ ಬೆರಳು ಹಾಗೇ ನಿಂತಿತು.

"ಇಲ್ಲೇ ಗಾಯ ಆಗಿತ್ತು ಅವಳಿಗೆ," ಎಂದಳು. "ಇದೇ ಮೂಲೇಲಿ. ಚಳಿಗೆ ತುಟಿ ಒಡೆದಿದೆ ಅಂದ್ಕೊಂಡು ದಿನಾ ನಾನೇ ಮುಲಾಮು ಹಚ್ತಿದ್ದೆ ವಿಲ್ಮರ್. ಯಾಕೆ ವಾಸಿನೇ ಆಗ್ತಿಲ್ಲ ಅಂತ ಅವಳನ್ನೇ ಬೈತಿದ್ದೆ. ಬಾಯಿ ತೆರೆದು ಸುಮ್ನೆ ಕೂತಿರ್ತಿದ್ಲು, ಹಚ್ಚಿಸ್ಕೊಂಡು."